ಸೈಕಲ್ ತುಳಿಯಲು ಹೆದರುವವರಿಗಾಗಿ ಪೋಸ್ಟರ್ ಮಾಡುತ್ತಿದ್ದೇವೆ, ಏನು ಬರೆಯೋಣ? (ಮಡಿಕೇರಿ)

ಮಂಜಿನೂರಿನವಳು
ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ನಮ್ಮ ಬೀದಿಯ ಆರು ಮನೆಯವರು ಸೇರಿ ಒಂದು ಕೆಲಸಕ್ಕೆ ಕೈ ಹಾಕಿದ್ದೇವೆ. ಪೇಟೆಯೊಳಗೆ ಜನ ಧೈರ್ಯವಾಗಿ ಸೈಕಲ್ ತುಳಿಯುವಂತೆ ಪೋಸ್ಟರ್ ಮಾಡಿ ಹಾಕಬೇಕು ಅಂತ. ಅದಕ್ಕೆ ನಿಮ್ಮೆಲ್ಲರ ಮಾತು ಬೇಕು.

ನಾನು ಹುಟ್ಟಿ ಬೆಳೆದದ್ದು ಕುಶಾಲನಗರದಲ್ಲಿ. ಅಲ್ಲಿ ನೆಲ ಸಮತಟ್ಟು, ಸ್ಕೂಲಿಗೆ, ಟೈಲರಿಂಗ್ ಕ್ಲಾಸಿಗೆ, ಮಂಗಳವಾರದ ಸಂತೆಗೆ ಎಲ್ಲಾ ಸೈಕಲ್ಲೇ. ಮದುವೆಯಾಗಿ ಮಡಿಕೇರಿಗೆ ಬಂದ ಮೇಲೆ 16 ವರ್ಷ ಮುಟ್ಟಲಿಲ್ಲ. ಹೋದ ವರ್ಷ ಮಗನ ಸೈಕಲ್ ತಗೊಂಡು ಶುಕ್ರವಾರದ ಸಂತೆಗೆ ಹೊರಟೆ. ಚೌಕಿ ದಾಟಿದ ಮೇಲೆ ಹಿಂದಿನಿಂದ ಒಂದು ಕಾರು ಹಾರ್ನ್ ಹೊಡೆಯುತ್ತಲೇ ಬಂತು. ಜಾಗ ಬಿಡೋಣ ಅಂತ ಅಂಚಿಗೆ ಸರಿದೆ, ಇನ್ನೂ ಹಾರ್ನ್, ಇನ್ನೂ ಸರಿದೆ, ಕೊನೆಗೆ ಮುಂದಿನ ಗಾಲಿ ಚರಂಡಿಗೆ ಇಳಿಯಿತು. ಮೊಣಕೈ ಚರ್ಮ ಹೋಯಿತು. ಎತ್ತಲು ಬಂದವರೆಲ್ಲ ಒಳ್ಳೆಯವರೇ, ಆದರೆ ಎಲ್ಲರದ್ದೂ ಒಂದೇ ಮಾತು: "ಈ ವಯಸ್ಸಲ್ಲಿ ಸೈಕಲ್ ಯಾಕೆ ಬೇಕಿತ್ತು?" ಕಾರಿನವನಿಗೆ ಯಾರೂ ಏನೂ ಹೇಳಲಿಲ್ಲ.

ಆಮೇಲೆ ನನ್ನ ಜೊತೆ ಕೆಲಸ ಮಾಡುವ ಒಬ್ಬರು, ದಿನಾ ಸೈಕಲ್ಲಲ್ಲೇ ಬರುವವರು, ಒಂದು ವಿಷಯ ಹೇಳಿಕೊಟ್ಟರು. ಅಂಚಿಗೆ ಅಂಟಿಕೊಂಡು ಹೋಗಬೇಡಿ, ಅಂಚಿನಿಂದ ಎರಡು ಮೊಳ ಒಳಗೆ ಬನ್ನಿ, ನೇರ ಗೆರೆಯಲ್ಲಿ ಹೋಗಿ, ಓಲಾಡಬೇಡಿ ಅಂತ. ಭಯದಿಂದಲೇ ಮಾಡಿ ನೋಡಿದೆ. ಹಿಂದಿನ ಗಾಡಿಗಳು ಕಾಯುತ್ತವೆ! ಜಾಗ ಸಿಕ್ಕಿದಾಗ ದೂರದಿಂದ ಸುತ್ತಿ ಹೋಗುತ್ತವೆ. ಅಂಚಿನಲ್ಲಿದ್ದಾಗ ನನ್ನನ್ನು ಉಜ್ಜಿಕೊಂಡು ಹೋಗುತ್ತಿದ್ದವರೇ ಈಗ ಬ್ರೇಕ್ ಒತ್ತುತ್ತಾರೆ. ಇದನ್ನು ನನಗೆ 10 ವರ್ಷ ಮೊದಲೇ ಯಾರಾದರೂ ಹೇಳಿದ್ದರೆ ಅನ್ನಿಸಿತು.

ಮಕ್ಕಳು ಎರಡು ಪೋಸ್ಟರ್ ಬರೆದಿದ್ದಾರೆ. "ಸೈಕಲ್ ತುಳಿಯಿರಿ, ಪರಿಸರ ಉಳಿಸಿ" ಒಂದು. "ಆರೋಗ್ಯಕ್ಕಾಗಿ ಸೈಕಲ್" ಇನ್ನೊಂದು. ಚಿತ್ರ ತುಂಬಾ ಚೆನ್ನಾಗಿದೆ. ಆದರೆ ಇದನ್ನು ಓದಿ ಯಾರಾದರೂ ಸೈಕಲ್ ಹೊರಗೆ ತೆಗೆಯುತ್ತಾರಾ ಅಂತ ನನಗೆ ಅನುಮಾನ. ನಿಮ್ಮನ್ನು ತಡೆಯುತ್ತಿರುವುದು ಏನು? ಯಾವ ಒಂದು ಮಾತು ಗೋಡೆ ಮೇಲೆ ಕಂಡರೆ ನಿಮಗೆ ಧೈರ್ಯ ಬರುತ್ತದೆ?

ಕೂಡಿಗೆ ಹೈದ
ಪರಿಸರ ಬೇಡ ಅಕ್ಕ. ಪರಿಸರ ಉಳಿಸಬೇಕು ಅಂತ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದನ್ನು ಬರೆಯಿರಿ. ಎರಡು ಮೊಳದ ಮಾತೇ ಬರೆಯಿರಿ, ಅದು ನನಗೂ ಗೊತ್ತಿರಲಿಲ್ಲ.

ಇಬ್ಬರ ಅಪ್ಪ
ಬೇಜಾರು ಮಾಡ್ಕೋಬೇಡಿ, ಆದರೆ ಇದು ತಪ್ಪು ಕೆಲಸ ಅಂತ ನನ್ನ ಅಭಿಪ್ರಾಯ. ಮಡಿಕೇರಿ ರಸ್ತೆ ನೋಡಿದ್ದೀರಾ? ಮಹದೇವಪೇಟೆಯಲ್ಲಿ ಎರಡು ಕಾರು ಎದುರು ಬದುರು ಬಂದರೆ ನಡೆಯುವವನಿಗೇ ಜಾಗ ಇಲ್ಲ. ಒಂದು ಕಡೆ ಗುಡ್ಡ ಕಡಿದ ಧರೆ, ಇನ್ನೊಂದು ಕಡೆ ಇಳಿಜಾರು. ಶನಿವಾರ ಭಾನುವಾರ ಹೊರಗಿನ ಗಾಡಿಗಳು ರಾಜಾಸೀಟ್ ಕಡೆ ಸಾಲುಗಟ್ಟಿ ನಿಂತಿರುತ್ತವೆ. ಅಂಥ ಕಡೆ ಮಕ್ಕಳಿಗೆ "ಧೈರ್ಯವಾಗಿ ನಡು ರಸ್ತೆಗೆ ಬಾ" ಅಂತ ಪೋಸ್ಟರ್ ಹಾಕುತ್ತೀರಾ? ಏನಾದರೂ ಆದರೆ ಪೋಸ್ಟರ್ ಬಂದು ಉತ್ತರ ಕೊಡುವುದಿಲ್ಲ. ಮೊದಲು ರಸ್ತೆ ಅಗಲ ಮಾಡಲಿ, ಸೈಕಲ್ಲಿಗೆ ದಾರಿ ಮಾಡಲಿ, ಆಮೇಲೆ ಧೈರ್ಯದ ಮಾತು.

ನನ್ನ ತಮ್ಮನಿಗೆ ಸೈಕಲ್ಲಲ್ಲಿ ಹೋಗುವಾಗ ಒಂದು ಪಿಕಪ್ ತಾಗಿಸಿಕೊಂಡು ಹೋಗಿತ್ತು. ಕಾಲು ಸರಿಯಾಗಲು ಎಂಟು ತಿಂಗಳು ಬೇಕಾಯಿತು. ಹಾಗಾಗಿ ಹೇಳುತ್ತಿದ್ದೇನೆ.

ಗೋಣಿಕೊಪ್ಪ ಹುಡುಗಿ
ಬೆಟ್ಟದ ಊರಲ್ಲಿ ರಸ್ತೆ ಅಗಲ ಮಾಡುವುದಕ್ಕೆ ಕಾಯುತ್ತಾ ಕೂತರೆ ನಮ್ಮ ಮಕ್ಕಳ ಮಕ್ಕಳೂ ಸೈಕಲ್ ತುಳಿಯಲ್ಲ. ಧರೆ ಕಡಿದು ಕಡಿದು ಏನಾಗಿದೆ ಅಂತ 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ನೋಡಿದ್ದೇವೆ ಅಲ್ವಾ.

ಮಂಜಿನೂರಿನವಳು
@ಇಬ್ಬರ ಅಪ್ಪ, ನಿಮ್ಮ ತಮ್ಮನ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ಅವರು ಈಗ ಚೆನ್ನಾಗಿದ್ದಾರೆ ಅಂದುಕೊಳ್ಳುತ್ತೇನೆ.

ನಡು ರಸ್ತೆಗೆ ಬನ್ನಿ ಅಂತ ನಾನು ಹೇಳುತ್ತಿಲ್ಲ ಸರ್. ಎರಡು ಮೊಳ ಅಂದರೆ ಸುಮಾರು ಮೂರು ಅಡಿ. ಚರಂಡಿ, ಜಲ್ಲಿ, ಟಾರಿನ ಒಡೆದ ಅಂಚು, ಇವುಗಳಿಂದ ದೂರ. ಹಿಂದಿನವನ ಕಣ್ಣಿಗೆ ನೀವು ಕಾಣುವ ಜಾಗ. ನನಗೆ ಧೈರ್ಯ ಅಂದರೆ ಜೋರಾಗಿ ಹೋಗುವುದಲ್ಲ. ಹಿಂದಿನವನಿಗೆ ನಾನು ಎಲ್ಲಿ ಹೋಗುತ್ತೇನೆ ಅಂತ ಗೊತ್ತಾಗುವ ಹಾಗೆ ಹೋಗುವುದು. ತಿರುಗುವ ಮೊದಲು ಹಿಂದೆ ತಿರುಗಿ ನೋಡುವುದು, ಕೈ ಚಾಚುವುದು. ಇದು ಯಾವ ಶಾಲೆಯಲ್ಲಿ ಕಲಿಸುತ್ತಾರೆ ಹೇಳಿ? ಬೀಳದೆ ಓಡಿಸಲು ಕಲಿಸಿ ಬಿಟ್ಟುಬಿಡುತ್ತೇವೆ, ಅಷ್ಟೇ.

ನಿವೃತ್ತ ಚಾಲಕ
ನಾನು 29 ವರ್ಷ ಘಾಟಿಯಲ್ಲಿ ಬಸ್ ಓಡಿಸಿದವನು. ಸಂಪಾಜೆ ಇಳಿಯುವುದು, ಏರುವುದು ದಿನಚರಿ. ಸೈಕಲ್ಲಿನವರ ಬಗ್ಗೆ ಒಂದೇ ಒಂದು ವಿಷಯ ಗೋಡೆ ಮೇಲೆ ಬರೆಯುವುದಾದರೆ ನಾನು ಹೇಳುವುದು ಇದು: ಬಸ್ಸಿನ ಎಡ ಪಕ್ಕಕ್ಕೆ ನುಗ್ಗಬೇಡಿ.

ಯಾಕೆ ಅಂತ ಹೇಳುತ್ತೇನೆ. ಉದ್ದ ಗಾಡಿ ಎಡಕ್ಕೆ ತಿರುಗುವಾಗ ಮುಂದಿನ ಗಾಲಿ ಹೋದ ದಾರಿಯಲ್ಲಿ ಹಿಂದಿನ ಗಾಲಿ ಹೋಗುವುದಿಲ್ಲ. ಅದು ಒಳಗೆ ಕತ್ತರಿಸಿಕೊಂಡು ಬರುತ್ತದೆ. ಬಸ್ ನಿಧಾನ ಮಾಡಿದಾಗ, ಸ್ಟಾಪಿನಲ್ಲಿ ನಿಂತಾಗ, ಎಡಗಡೆ ಸಂದಿ ಕಾಣುತ್ತದೆ. ಹುಡುಗರು ಅಲ್ಲಿ ತೂರುತ್ತಾರೆ. ನಾನು ಬಲಗಡೆ ಎತ್ತರದಲ್ಲಿ ಕೂತಿರುತ್ತೇನೆ. ಬಾಗಿಲಿನ ಹತ್ತಿರ ತಗ್ಗಿನಲ್ಲಿರುವ ಸೈಕಲ್ ನನಗೆ ಕನ್ನಡಿಯಲ್ಲೂ ಕಾಣುವುದಿಲ್ಲ, ಕಿಟಕಿಯಲ್ಲೂ ಕಾಣುವುದಿಲ್ಲ. ಜನರಲ್ ತಿಮ್ಮಯ್ಯ ಸರ್ಕಲ್ಲಲ್ಲಿ ಎಷ್ಟು ಸಲ ಕಂಡಕ್ಟರ್ ಕೂಗಿದ್ದಕ್ಕೆ ಒಂದು ಜೀವ ಉಳಿದಿದೆ ಅಂತ ಲೆಕ್ಕ ಇಟ್ಟಿಲ್ಲ.

ಹಾಗಾಗಿ ಆ ಅಮ್ಮ ಹೇಳಿದ್ದು ಸರಿ ಅಂತಲೇ ನನ್ನ ಮತ. ನನ್ನ ಮುಂದೆ ನೇರವಾಗಿ ಕಾಣುವ ಹಾಗೆ ಹೋಗುವ ಸೈಕಲ್ಲಿನಿಂದ ನನಗೆ ಯಾವತ್ತೂ ತೊಂದರೆ ಆಗಿಲ್ಲ. ಪಕ್ಕದಲ್ಲಿ ಅಡಗಿರುವ ಸೈಕಲ್ಲೇ ಭಯ.

ಆಟೋ ಸ್ಟ್ಯಾಂಡ್
ಎಲ್ಲಾ ತಪ್ಪು ಗಾಡಿಯವರದ್ದೇ ಅನ್ನಬೇಡಿ. ಸಂಜೆ ಆರು ಗಂಟೆಗೆ ಮಂಜು ಇಳಿದಿರುತ್ತದೆ, ಆಗ ಕಪ್ಪು ಜರ್ಕಿನ್ ಹಾಕಿ, ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ, ರಾಂಗ್ ಸೈಡಲ್ಲಿ ಬರುತ್ತಾರೆ. ನಮಗೂ ಮನೆಯಲ್ಲಿ ಮಕ್ಕಳಿದ್ದಾರೆ. ಯಾರಿಗೂ ತಾಗಿಸಬೇಕು ಅಂತ ಇರಲ್ಲ.

ಕೂಡಿಗೆ ಹೈದ
ರಾಂಗ್ ಸೈಡ್ ಮಾತು ನಿಜ. ಏರಿನಲ್ಲಿ ತಳ್ಳಿಕೊಂಡು ಹೋಗುವವರೂ ಬಲಗಡೆ ಹೋಗುತ್ತಾರೆ.

ಮಂಜಿನೂರಿನವಳು
@ಆಟೋ ಸ್ಟ್ಯಾಂಡ್, ಅಣ್ಣ ನೀವು ಹೇಳಿದ್ದು ಪೂರ್ತಿ ಸರಿ. "ಮಂಜಿನಲ್ಲಿ ಕಾಣಿಸಿಕೊಳ್ಳಿ" ಅಂತ ಒಂದು ಪೋಸ್ಟರ್ ಬೇಕೇ ಬೇಕು. ಬಿಳಿ ಬಟ್ಟೆ, ಹಿಂದೆ ಕೆಂಪು ಲೈಟು. ನಿಮ್ಮ ಸ್ಟ್ಯಾಂಡಿನಲ್ಲಿ ಒಂದು ಪೋಸ್ಟರ್ ಹಾಕಲು ಬಿಡುತ್ತೀರಾ?

ಆಟೋ ಸ್ಟ್ಯಾಂಡ್
ಕೇಳಿ ಹೇಳುತ್ತೇನೆ. ನಮ್ಮವರಿಗೆ ಬೈಯುವ ಹಾಗೆ ಇರಬಾರದು ಅಷ್ಟೇ.

ಪಂಕ್ಚರ್ ಅಂಗಡಿ
ಈ ಮಾತುಕತೆ ನೋಡಿ ಖುಷಿಯಾಯಿತು. ನನ್ನದು ಸೈಕಲ್ ರಿಪೇರಿ ಅಂಗಡಿ, ಅಪ್ಪನ ಕಾಲದಿಂದ. ಮೊದಲು ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದೆವು, ಈಗ ಯಾರೂ ಕೇಳಲ್ಲ, ಟೂ ವೀಲರ್ ಪಂಕ್ಚರೇ ಜಾಸ್ತಿ.

ಧೈರ್ಯದ ಬಗ್ಗೆ ನನ್ನ ಅನುಭವ ಹೇಳಲಾ? ಅರ್ಧ ಭಯ ಇರುವುದು ಬ್ರೇಕಲ್ಲಿ. ನನ್ನ ಹತ್ತಿರ ಬರುವ ಹತ್ತು ಸೈಕಲ್ಲಲ್ಲಿ ಬ್ರೇಕ್ ಸರಿಯಿರುವುದು ಎರಡೋ ಮೂರೋ. ರಬ್ಬರ್ ಸವೆದು ಕಬ್ಬಿಣ ರಿಮ್ಮಿಗೆ ಉಜ್ಜುತ್ತಿರುತ್ತದೆ. ಕೇಬಲ್ ತುಕ್ಕು ಹಿಡಿದಿರುತ್ತದೆ. ಇಂಥ ಸೈಕಲ್ಲಲ್ಲಿ ಮಡಿಕೇರಿ ಇಳಿಜಾರು ಇಳಿಯುವವನಿಗೆ ಭಯ ಆಗುವುದು ಸರಿಯೇ, ಆಗಲೇಬೇಕು.

ಮಳೆಗಾಲದಲ್ಲಿ ಇನ್ನೊಂದು ವಿಷಯ. ರಿಮ್ ಒದ್ದೆಯಿದ್ದರೆ ಬ್ರೇಕ್ ಒತ್ತಿದ ತಕ್ಷಣ ಹಿಡಿಯುವುದಿಲ್ಲ. ಅದರಲ್ಲೂ ಹಳೆಯ ಸ್ಟೀಲ್ ರಿಮ್ ಆದರೆ ಕೇಳಲೇಬೇಡಿ. ರಬ್ಬರ್ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯುತ್ತದೆ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ಬ್ರೇಕ್ ಮೆಲ್ಲಗೆ ಒತ್ತಿಕೊಂಡು ರಿಮ್ ಒರೆಸಿಕೊಳ್ಳಿ. ವೇಗ ಬಂದ ಮೇಲೆ ಹಿಡಿಯೋಣ ಅಂದರೆ ಆಗಲ್ಲ. ವೇಗ ಎರಡು ಪಟ್ಟಾದರೆ ನಿಲ್ಲಿಸಲು ಬೇಕಾಗುವ ದೂರ ನಾಲ್ಕು ಪಟ್ಟು ಆಗುತ್ತದೆ, ಒಣ ರಸ್ತೆಯಲ್ಲೇ.

ಕಾಫಿ ಕಣ
ಇಳಿಜಾರಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು, ಪಲ್ಟಿ ಹೊಡೆಯುತ್ತದೆ. ಇದನ್ನೂ ಬರೆಯಿರಿ.

ಪಂಕ್ಚರ್ ಅಂಗಡಿ
ಬೇಡ ಸರ್, ದಯವಿಟ್ಟು ಅದನ್ನು ಬರೆಯಬೇಡಿ! ಎಲ್ಲರೂ ಹೀಗೇ ನಂಬಿದ್ದಾರೆ, ಮುಂದಿನ ಬ್ರೇಕ್ ಕಿತ್ತೇ ಹಾಕಿಸಿಕೊಂಡು ಹೋಗುವವರೂ ಇದ್ದಾರೆ. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬರುತ್ತದೆ, ಹಾಗಾಗಿ ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದು ಮುಂದಿನ ಗಾಲಿಯಲ್ಲೇ. ಹಿಂದಿನದನ್ನು ಮಾತ್ರ ಗಟ್ಟಿಯಾಗಿ ಹಿಡಿದರೆ ಗಾಲಿ ಲಾಕ್ ಆಗಿ ಜಾರುತ್ತದೆ, ಸೈಕಲ್ ನಿಲ್ಲಲ್ಲ. ಪಲ್ಟಿ ಆಗುವುದು ಗಾಬರಿಯಲ್ಲಿ ಒಮ್ಮೆಲೇ ಕಿತ್ತು ಹಿಡಿದಾಗ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಜಾಸ್ತಿ ಮಾಡುತ್ತಾ ಹಿಡಿಯಬೇಕು, ಸೊಂಟ ಸ್ವಲ್ಪ ಹಿಂದಕ್ಕೆ ಸರಿಸಬೇಕು, ಕೈ ಗಟ್ಟಿಯಾಗಿ ಚಾಚಿರಬೇಕು.

ನಮ್ಮ ಕಡೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಗಾಲಿಗೆ. ಕೆಲವು ಗೇರ್ ಸೈಕಲ್ಲಲ್ಲಿ ಉಲ್ಟಾ ಇರುತ್ತದೆ. ಹತ್ತುವ ಮೊದಲು ನಿಂತಲ್ಲೇ ಒತ್ತಿ ನೋಡಿಕೊಳ್ಳಿ.

ಕಾಫಿ ಕಣ
ಸರಿ, ಒಪ್ಪಿದೆ. 40 ವರ್ಷದಿಂದ ಹಾಗೇ ನಂಬಿಕೊಂಡಿದ್ದೆ.

ಆದರೆ ಒಂದು ಮಾತು. ಈ ಪೋಸ್ಟರ್ ಪೇಟೆಯೊಳಗೆ ಮಾತ್ರ ಇರಲಿ. ಸಿದ್ದಾಪುರ, ಪಾಲಿಬೆಟ್ಟದ ಕಡೆ ತೋಟದ ರಸ್ತೆಗಳಲ್ಲಿ ಬೆಳಿಗ್ಗೆ, ಸಂಜೆ ಆನೆ ಇರುತ್ತದೆ. ನಮ್ಮ ಲೈನ್ ಮನೆ (ತೋಟದ ಕೆಲಸಗಾರರ ಮನೆ) ಮಕ್ಕಳಿಗೆ ಸೈಕಲ್ ಇದೆ, ಆದರೂ ಕಳಿಸಲ್ಲ. ಆ ಭಯಕ್ಕೆ ಪೋಸ್ಟರಲ್ಲಿ ಮದ್ದಿಲ್ಲ, ಜೀಪಲ್ಲೇ ಬಿಡಬೇಕು.

ಮಂಜಿನೂರಿನವಳು
ಖಂಡಿತ ಸರ್. ನಾವು ಹಾಕುವುದು ಮಡಿಕೇರಿ ಪೇಟೆಯೊಳಗೆ ಮಾತ್ರ.

ವಿರಾಜಪೇಟೆ ಟೀಚರ್
ನಾನು ಹೈಸ್ಕೂಲ್ ಶಿಕ್ಷಕಿ. ಸರ್ಕಾರ 8ನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಸೈಕಲ್ ಬಂದ ದಿನ ಶಾಲೆಯಲ್ಲಿ ಹಬ್ಬ. ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆವು. ಆದರೆ ಆ ಸೈಕಲ್ಲುಗಳು ಆಮೇಲೆ ಎಲ್ಲಿ ಹೋದವು? ಹುಡುಗರದ್ದು ಅಲ್ಲಿ ಇಲ್ಲಿ ಓಡಾಡುತ್ತಿದ್ದವು. ಹುಡುಗಿಯರದ್ದು ಮನೆಯ ಜಗಲಿಯಲ್ಲಿ. ಕೇಳಿದರೆ, "ಅಪ್ಪ ಬೇಡ ಅಂತಾರೆ ಮಿಸ್", "ರಸ್ತೆಯಲ್ಲಿ ನೋಡಿ ನಗ್ತಾರೆ ಮಿಸ್". ಸೈಕಲ್ ಕೊಟ್ಟರು, ರಸ್ತೆಯಲ್ಲಿ ಹೇಗೆ ಹೋಗಬೇಕು ಅಂತ ಹೇಳಿಕೊಟ್ಟವರು ಯಾರೂ ಇರಲಿಲ್ಲ. ನಾನೂ ಹೇಳಿಕೊಡಲಿಲ್ಲ, ನನಗೂ ಬರುತ್ತಿರಲಿಲ್ಲ.

ಹೆಂಗಸರ ವಿಷಯ ಬಂದಾಗ ನನಗೆ ನೆನಪಾಗುವುದು ತಮಿಳುನಾಡಿನ ಪುದುಕ್ಕೋಟೈ. 1990ರ ದಶಕದ ಆರಂಭದಲ್ಲಿ ಅಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಕೂಲಿ ಮಾಡುವವರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು, ಸಾವಿರಾರು ಜನ ಕಲಿತರು. ನೀರು ತರುವುದು, ಮಕ್ಕಳನ್ನು ಕೂರಿಸಿಕೊಂಡು ಹೋಗುವುದು, ಸಾಮಾನು ಮಾರುವುದು, ಎಲ್ಲಾ ಸೈಕಲ್ಲಲ್ಲಿ. ಬಸ್ಸಿಗೆ ಕಾಯುವುದು ತಪ್ಪಿತು. ಅಲ್ಲಿ ಕೆಲಸ ಮಾಡಿದ್ದು ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಕಲಿಸಿದ್ದು. ಹಾಡು ಕಟ್ಟಿ ಹಾಡಿದರು, ಒಟ್ಟಿಗೆ ಮೆರವಣಿಗೆ ಹೋದರು. ಒಬ್ಬಳೇ ಹೋದರೆ ನಗುವ ಊರು ನೂರು ಜನ ಹೋದಾಗ ಸುಮ್ಮನಾಗುತ್ತದೆ.

ನಿಮ್ಮ ಪೋಸ್ಟರಿನಲ್ಲಿ ಚಿತ್ರ ಯಾರದ್ದು? ಹೆಲ್ಮೆಟ್ ಹಾಕಿದ ಬಿಗಿ ಬಟ್ಟೆಯ ಹುಡುಗನದ್ದು ಬೇಡ. ಸೀರೆ ಉಟ್ಟು, ಚೀಲ ನೇತುಹಾಕಿಕೊಂಡು ಸಂತೆಯಿಂದ ಬರುವ ಹೆಂಗಸಿನ ಚಿತ್ರ ಹಾಕಿ. ಅದನ್ನು ನೋಡಿದರೆ ನಮ್ಮ ಮಕ್ಕಳಿಗೆ "ಇದು ನಮ್ಮದೂ ಹೌದು" ಅನ್ನಿಸುತ್ತದೆ.

ಗೋಣಿಕೊಪ್ಪ ಹುಡುಗಿ
ಟೀಚರ್ 👏 ಚಿತ್ರದ ಮಾತು ತುಂಬಾ ಸರಿ. ಸೀರೆ ಚಿತ್ರ ಹಾಕುವುದಾದರೆ ಹಿಂದಿನ ಗಾಲಿಗೆ ಬಲೆ ಹಾಕಿರುವುದನ್ನೂ ಬಿಡಿಸಿ, ಸೆರಗು ಸಿಕ್ಕಿಕೊಳ್ಳುತ್ತದೆ.

ಇಬ್ಬರ ಅಪ್ಪ
ಹೆಲ್ಮೆಟ್ ಬೇಡ ಅಂತೀರಾ? ಸೈಕಲ್ಲಿಗೂ ಹೆಲ್ಮೆಟ್ ಕಡ್ಡಾಯ ತಾನೆ?

ಮೈಸೂರಲ್ಲಿರುವ ಕೊಡಗಿನವ
ಕಡ್ಡಾಯ ಅಲ್ಲ ಸರ್. 1988ರ ಮೋಟಾರು ವಾಹನ ಕಾಯ್ದೆ ಹೇಳುವ ಮೋಟಾರು ವಾಹನಗಳಲ್ಲಿ ಸೈಕಲ್ ಬರುವುದಿಲ್ಲ. ಲೈಸೆನ್ಸ್ ಬೇಡ, ಕಾನೂನಿನ ಪ್ರಕಾರ ಹೆಲ್ಮೆಟ್ಟೂ ಬೇಡ. ಹಾಕಿಕೊಂಡರೆ ಒಳ್ಳೆಯದು, ನಾನು ಹಾಕಿಕೊಳ್ಳುತ್ತೇನೆ. ಆದರೆ ಪೋಸ್ಟರಿನ ತುಂಬಾ ಹೆಲ್ಮೆಟ್, ರಕ್ತ, ಆಂಬ್ಯುಲೆನ್ಸ್ ಹಾಕಿದರೆ ಓದಿದವನು ಸೈಕಲ್ ಮೂಲೆಗೆ ಹಾಕುತ್ತಾನೆ. ಹೆದರಿಸುವ ಪೋಸ್ಟರ್ ಈಗಾಗಲೇ ಬೇಕಾದಷ್ಟಿವೆ.

ನಾನು ಮೈಸೂರಲ್ಲಿ ಕೆಲಸಕ್ಕೆ ಹೋಗುವುದು ಸೈಕಲ್ಲಲ್ಲೇ. ಅಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದಾಗ 48 ನಿಲ್ದಾಣ, 450 ಸೈಕಲ್ ಇಟ್ಟಿದ್ದರು. ನಾನು ಮತ್ತೆ ಸೈಕಲ್ ಹತ್ತಿದ್ದು ಅದರಿಂದಲೇ. ಮೊದಲ ವಾರ ಕಲಿತ ಪಾಠ ಕಾರಿನ ಬಾಗಿಲು. ನಿಂತ ಕಾರಿನ ಪಕ್ಕದಲ್ಲಿ ಹೋಗುತ್ತಿದ್ದೆ, ಡ್ರೈವರ್ ಪಟ್ ಅಂತ ಬಾಗಿಲು ತೆಗೆದ. ಒಂದು ಗೇಣು ಅಂತರದಲ್ಲಿ ಉಳಿದೆ. ಅವತ್ತಿನಿಂದ ನಿಂತ ಕಾರಿನಿಂದ ಬಾಗಿಲಿನಷ್ಟು ದೂರ ಬಿಟ್ಟೇ ಹೋಗುತ್ತೇನೆ.

ಇದಕ್ಕೆ ಹಾಲೆಂಡಿನ ಡಚ್ಚರು ಒಂದು ಸುಲಭ ಅಭ್ಯಾಸ ಮಾಡಿಕೊಂಡಿದ್ದಾರೆ. ಬಾಗಿಲಿನ ಪಕ್ಕದ ಕೈಯಲ್ಲಿ ಬಾಗಿಲು ತೆಗೆಯಲ್ಲ, ಆಚೆಯ ಕೈಯಲ್ಲಿ ತೆಗೆಯುತ್ತಾರೆ. ನಮ್ಮಲ್ಲಿ ಡ್ರೈವರ್ ಬಲಗಡೆ ಕೂರುತ್ತಾನೆ, ಹಾಗಾಗಿ ಎಡಗೈ. ಎಡಗೈ ಬಾಗಿಲಿಗೆ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಕನ್ನಡಿಗೂ ಹಿಂದಕ್ಕೂ ಹೋಗುತ್ತದೆ. ಈಗ ಕೂತಲ್ಲೇ ಮಾಡಿ ನೋಡಿ. ರಾಜಾಸೀಟ್ ಹತ್ತಿರ ಪಾರ್ಕಿಂಗ್ ಜಾಗದಲ್ಲಿ ಈ ಒಂದೇ ಪೋಸ್ಟರ್ ಹಾಕಿದರೂ ಸಾಕು. ಹೊರಗಿನಿಂದ ಬರುವವರಿಗೂ ಅರ್ಥವಾಗುವ ಹಾಗೆ ಚಿತ್ರ ದೊಡ್ಡದಾಗಿರಲಿ.

ಆಟೋ ಸ್ಟ್ಯಾಂಡ್
ಇದು ಒಳ್ಳೆಯದು. ಬೈಕಿನವರಿಗೂ ಇದೇ ಕಷ್ಟ.

ನಿವೃತ್ತ ಚಾಲಕ
ಹಾಲೆಂಡಿನಲ್ಲೂ ಮೊದಲಿನಿಂದ ಹಾಗೇ ಇರಲಿಲ್ಲ. ಎಲ್ಲೋ ಓದಿದ್ದೆ, 1970ರ ದಶಕದಲ್ಲಿ ಮಕ್ಕಳು ರಸ್ತೆಯಲ್ಲಿ ಸಾಯುತ್ತಿದ್ದಾಗ ಅಪ್ಪ ಅಮ್ಮಂದಿರು ಬೀದಿಗಿಳಿದು ಜಗಳ ಮಾಡಿದ್ದರು.

ಇಬ್ಬರ ಅಪ್ಪ
ಅದನ್ನೇ ನಾನೂ ಹೇಳುತ್ತಿರುವುದು! ಅವರು ರಸ್ತೆ ಬದಲಾಯಿಸಿ ಅಂತ ಸರ್ಕಾರವನ್ನು ಕೇಳಿದರು. ನಾವು ಮಕ್ಕಳಿಗೆ ಪೋಸ್ಟರ್ ಅಂಟಿಸುತ್ತಿದ್ದೇವೆ.

ಮಂಜಿನೂರಿನವಳು
ಇದನ್ನು ಓದಿ ಒಂದು ರಾತ್ರಿ ಯೋಚನೆ ಮಾಡಿದೆ. ನಿಮ್ಮ ಮಾತಲ್ಲಿ ಸತ್ಯ ಇದೆ. ಹಾಗಾಗಿ ಒಂದು ತೀರ್ಮಾನ ಮಾಡಿದ್ದೇವೆ. ಅರ್ಧ ಪೋಸ್ಟರ್ ಗಾಡಿ ಓಡಿಸುವವರಿಗೆ. ಭಾರ ಎಲ್ಲಾ ಸೈಕಲ್ಲಿನವರ ತಲೆ ಮೇಲೆ ಹಾಕುವುದಿಲ್ಲ. ಜೊತೆಗೆ ನಗರಸಭೆಗೆ ಒಂದು ಅರ್ಜಿ ಕೊಡುತ್ತೇವೆ: ಚರಂಡಿಗೆ ಮುಚ್ಚಳ, ಸಂತೆ ದಾರಿಯಲ್ಲಿ ಸೈಕಲ್ ನಿಲ್ಲಿಸಲು ಒಂದು ಕಂಬಿ, ಶಾಲೆ ಬಿಡುವ ಹೊತ್ತಲ್ಲಿ ಪಾರ್ಕಿಂಗ್ ತೆಗೆಸುವುದು. ಮೂರೇ ಬೇಡಿಕೆ. ನೀವೂ ಸಹಿ ಹಾಕುತ್ತೀರಾ?

ಆದರೆ ಒಂದು ಮಾತು ಒಪ್ಪಿಕೊಳ್ಳಿ ಸರ್. ರಸ್ತೆಯಲ್ಲಿ ಸೈಕಲ್ಲೇ ಇಲ್ಲದಿದ್ದರೆ ಅರ್ಜಿ ಓದುವವರು "ಯಾರಿಗೆ ಮಾಡಬೇಕು?" ಅಂತಾರೆ. ನಾಲ್ಕು ಜನ ದಿನಾ ಓಡಾಡಿದರೆ ಆ ಅರ್ಜಿಗೆ ತೂಕ ಬರುತ್ತದೆ.

ಇಬ್ಬರ ಅಪ್ಪ
ಅರ್ಜಿಗೆ ಸಹಿ ಹಾಕುತ್ತೇನೆ. ಚರಂಡಿ ಮುಚ್ಚಳದ ವಿಷಯದಲ್ಲಿ ನಾನೇ ಓಡಾಡುತ್ತೇನೆ ಬೇಕಾದರೆ. ಆದರೆ ನನ್ನ ಮಗನನ್ನು ಮಾತ್ರ ಮೈಸೂರು ರಸ್ತೆಗೆ ಬಿಡಲ್ಲ.

ಅಕ್ಷರ ಬರೆಯುವವ
ಬೋರ್ಡ್ ಬರೆಯುವುದು ನನ್ನ ಕಸುಬು. ಇಷ್ಟು ಹೊತ್ತು ಏನು ಬರೆಯಬೇಕು ಅಂತ ಮಾತಾಡಿದಿರಿ, ಹೇಗೆ ಬರೆಯಬೇಕು ಅಂತ ಯಾರೂ ಹೇಳಲಿಲ್ಲ, ಹಾಗಾಗಿ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೊದಲನೆಯದು, ಪೇಪರ್ ಪೋಸ್ಟರ್ ನಮ್ಮ ಊರಲ್ಲಿ ಉಳಿಯಲ್ಲ. ಜೂನ್ ಮಳೆ ಶುರುವಾದರೆ ಒಂದು ವಾರಕ್ಕೆ ಮುದ್ದೆ. ಲ್ಯಾಮಿನೇಷನ್ ಮಾಡಿದರೆ ಅಂಚಿನಿಂದ ನೀರು ಒಳಗೆ ಹೋಗಿ ಪಾಚಿ ಕಟ್ಟುತ್ತದೆ. ಫ್ಲೆಕ್ಸ್ ಯೋಚನೆ ಮಾಡಬೇಡಿ, 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧ ಮಾಡಿದಾಗ ಅದರಲ್ಲಿ ಫ್ಲೆಕ್ಸೂ ಸೇರಿದೆ. ತಗಡಿನ ಮೇಲೆ ಎನಾಮಲ್ ಬಣ್ಣದಲ್ಲಿ ಕೈಯಲ್ಲಿ ಬರೆಯಬೇಕು. ಮೊದಲು ತುಕ್ಕು ಹಿಡಿಯದ ಪ್ರೈಮರ್, ಆಮೇಲೆ ಎರಡು ಕೋಟ್ ಹಳದಿ, ಅದರ ಮೇಲೆ ಕಪ್ಪು ಅಕ್ಷರ. ಮಂಜಲ್ಲಿ ದೂರದಿಂದ ಕಾಣುವುದು ಹಳದಿ ಮೇಲಿನ ಕಪ್ಪು. ಹಸಿರು ಮೇಲೆ ಬಿಳಿ ಬೇಡ, ನಮ್ಮ ಊರಲ್ಲಿ ಹಿಂದೆ ಎಲ್ಲಾ ಹಸಿರೇ.

ಎರಡನೆಯದು, ಅಕ್ಷರದ ಗಾತ್ರ. ನಮ್ಮ ಕಸುಬಿನವರ ಲೆಕ್ಕ ಏನಂದರೆ ಒಂದು ಇಂಚು ಎತ್ತರದ ಅಕ್ಷರ ಹತ್ತು ಅಡಿಯಿಂದ ಆರಾಮಾಗಿ ಓದಬಹುದು. 40 ಅಡಿ ದೂರದಿಂದ ಡ್ರೈವರ್ ಓದಬೇಕಾದರೆ ನಾಲ್ಕು ಇಂಚು ಬೇಕು. ಅಂದರೆ ಮೂರು ಅಡಿ ತಗಡಿನಲ್ಲಿ ಐದಾರು ಪದ, ಅಷ್ಟೇ. ಬಸ್ ಸ್ಟ್ಯಾಂಡಿನಲ್ಲಿ ಕಾಯುವವರಿಗಾದರೆ ಜಾಸ್ತಿ ಬರೆಯಬಹುದು, ಅವರಿಗೆ ಓದಲು ಹೊತ್ತಿದೆ.

ಮೂರನೆಯದು, ಒತ್ತಕ್ಷರ. ಇದನ್ನು ಕಂಪ್ಯೂಟರಲ್ಲಿ ಡಿಸೈನ್ ಮಾಡುವವರು ನೋಡುವುದೇ ಇಲ್ಲ. ಕನ್ನಡದಲ್ಲಿ ಒತ್ತು ಕೆಳಗೆ ಸಣ್ಣದಾಗಿ ಬರುತ್ತದೆ. ಹತ್ತಿರದಿಂದ ಚೆನ್ನಾಗಿ ಕಾಣುತ್ತದೆ, ದೂರದಿಂದ ಕಲಸಿಹೋಗುತ್ತದೆ. "ಆತ್ಮವಿಶ್ವಾಸ" ಅಂತ ಬರೆದರೆ 40 ಅಡಿಯಿಂದ ಬರೀ ಮಸಿ. "ಧೈರ್ಯ" ಪರವಾಗಿಲ್ಲ. "ಎರಡು ಮೊಳ ಬಿಡಿ", ನೋಡಿ ಇದರಲ್ಲಿ ಒಂದೂ ಒತ್ತಿಲ್ಲ, ಇಂಥ ಮಾತು ಹುಡುಕಿ.

ಮಂಜಿನೂರಿನವಳು
ಸರ್ ನೀವು ಹೇಳಿದ್ದನ್ನು ನಮ್ಮ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಒತ್ತಕ್ಷರದ ವಿಷಯ ಕೇಳಿ ಮಗ ಆಗಲೇ ಒತ್ತಿಲ್ಲದ ಪದಗಳ ಪಟ್ಟಿ ಮಾಡುತ್ತಿದ್ದಾನೆ.

ಮೈಸೂರಲ್ಲಿರುವ ಕೊಡಗಿನವ
ತಗಡು ಹಾಕುವ ಮೊದಲು ಒಪ್ಪಿಗೆ ಪಡೆಯಿರಿ ಅಕ್ಕ. ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಅಂತ 1981ರದ್ದು ಒಂದಿದೆ, ಸಾರ್ವಜನಿಕರ ಕಣ್ಣಿಗೆ ಕಾಣುವ ಜಾಗದಲ್ಲಿ ನಗರಸಭೆ ಒಪ್ಪಿಗೆ ಇಲ್ಲದೆ ಅಂಟಿಸುವ ಹಾಗಿಲ್ಲ. ಒಳ್ಳೆಯ ಕೆಲಸಕ್ಕೂ ಅದೇ ನಿಯಮ. ಮರಕ್ಕೆ ಮೊಳೆ ಹೊಡೆಯುವುದಂತೂ ಬೇಡವೇ ಬೇಡ. ಅಂಗಡಿ, ಮನೆ ಕಾಂಪೌಂಡಿನವರ ಹತ್ತಿರ ಕೇಳಿ ಅವರ ಗೇಟಿಗೆ ಕಟ್ಟುವುದು ಸುಲಭ. ಅವರೂ ನಿಮ್ಮ ಜೊತೆ ಸೇರಿದ ಹಾಗಾಗುತ್ತದೆ.

ಗೋಣಿಕೊಪ್ಪ ಹುಡುಗಿ
ಏರಿನ ಬಗ್ಗೆ ಯಾರೂ ಮಾತಾಡಲಿಲ್ಲ! ಮಡಿಕೇರಿಯಲ್ಲಿ ಸೈಕಲ್ ಬೇಡ ಅನ್ನುವವರ ಮೊದಲ ಮಾತೇ "ಏರು ಯಾರು ತುಳಿಯುತ್ತಾರೆ" ಅಂತ. ನಾನು ಕಾಲೇಜಿಗೆ ಅಲ್ಲೇ ಇದ್ದಾಗ ಏರಿನಲ್ಲಿ ಇಳಿದು ತಳ್ಳುತ್ತಿದ್ದೆ. ನೋಡಿದವರು "ಸುಸ್ತಾಯ್ತಾ?" ಅಂತ ಕೇಳುತ್ತಿದ್ದರು, ಅದೇ ನಾಚಿಕೆ ಆಗಿ ಕೊನೆಗೆ ಬಿಟ್ಟೆ. ತಳ್ಳಿದರೂ ಬಸ್ಸಿಗೆ ಕಾಯುವುದಕ್ಕಿಂತ ಬೇಗ ತಲುಪುತ್ತಿದ್ದೆ. "ಏರು ಬಂದರೆ ತಳ್ಳಿ, ಎಲ್ಲರೂ ತಳ್ಳುತ್ತಾರೆ" ಅಂತ ಒಂದು ಪೋಸ್ಟರ್ ಆಗ ಇದ್ದಿದ್ದರೆ ನಾನು ಸೈಕಲ್ ಬಿಡುತ್ತಿರಲಿಲ್ಲ. ನಿಜವಾಗಿ ಹೇಳುತ್ತಿದ್ದೇನೆ.

ಕಾಫಿ ಕಣ
ಈಗ ಬ್ಯಾಟರಿ ಸೈಕಲ್ ಬಂದಿದೆಯಲ್ಲ, ಅದಕ್ಕೆ ಲೈಸೆನ್ಸ್ ಬೇಕಾ?

ಪಂಕ್ಚರ್ ಅಂಗಡಿ
ಮೋಟಾರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಬೇಡ ಸರ್. ಏರಿಗೆ ಒಳ್ಳೆಯ ಸಹಾಯ. ಆದರೆ ಭಾರ ಜಾಸ್ತಿ, ಇಳಿಜಾರಲ್ಲಿ ಬ್ರೇಕ್ ಇನ್ನೂ ಚೆನ್ನಾಗಿರಬೇಕು. ಮತ್ತೆ ಬ್ರೇಕಿಗೇ ಬಂದೆ ನೋಡಿ.

ವಿರಾಜಪೇಟೆ ಟೀಚರ್
ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಸೈಕಲ್ ತುಳಿಯುವ ಮಕ್ಕಳು ಇದ್ದಾರೆ. ಅದನ್ನೂ ಎಲ್ಲಾದರೂ ಸೇರಿಸಿ. ಒಂದೇ ಕೈ ಅಂದರೆ ಒಂದೇ ಬ್ರೇಕ್. ಗಾಳಿ ಬೀಸಿದರೆ ಕೊಡೆ ಎಳೆದ ಕಡೆಗೆ ಸೈಕಲ್ಲೂ ಹೋಗುತ್ತದೆ.

ಮಂಜಿನೂರಿನವಳು
ಎಲ್ಲರ ಮಾತೂ ಸೇರಿಸಿ ನಿನ್ನೆ ರಾತ್ರಿ ಕೂತು ಮುಗಿಸಿದೆವು. ಸದ್ಯಕ್ಕೆ ಆರು ತಗಡು, ಮನೆಗೊಂದರಂತೆ ಖರ್ಚು ಹಂಚಿಕೊಂಡಿದ್ದೇವೆ. ಸಾಲುಗಳು ಹೀಗಿವೆ, ತಪ್ಪಿದ್ದರೆ ತಿದ್ದಿ.

ಸೈಕಲ್ಲಿನವರಿಗೆ: "ಅಂಚಿಗೆ ಅಂಟಬೇಡಿ, ಎರಡು ಮೊಳ ಬಿಡಿ". "ಬಸಿನ ಎಡಕೆ ನುಗಬೇಡಿ" ಅಂತ ಮಗ ಒತ್ತು ತೆಗೆದು ಬರೆದಿದ್ದ, ಅದು ಬೇಡ ಅಂತ "ಬಸ್ಸಿನ ಎಡಕ್ಕೆ ಬೇಡ" ಮಾಡಿದೆವು, ಅಲ್ಲಿ ಒತ್ತು ಇದ್ದೇ ಇರುತ್ತದೆ, ಅಕ್ಷರ ದೊಡ್ಡದು ಮಾಡಿದರಾಯಿತು. ಮೂರನೆಯದು "ಏರು ಬಂದರೆ ತಳ್ಳಿ, ಎಲ್ಲರೂ ತಳ್ಳುತ್ತಾರೆ", ಅದರಲ್ಲಿ ಟೀಚರ್ ಹೇಳಿದ ಸೀರೆ ಉಟ್ಟ ಹೆಂಗಸಿನ ಚಿತ್ರ, ಗಾಲಿಗೆ ಬಲೆ ಸಮೇತ.

ಗಾಡಿಯವರಿಗೆ: "ಎಡಗೈಯಲಿ ಬಾಗಿಲು ತೆಗೆಯಿರಿ" ದೊಡ್ಡ ಚಿತ್ರದ ಜೊತೆ, ಮತ್ತೆ "ಹಾರ್ನ್ ಬೇಡ, ಜಾಗ ಕೊಡಿ". ಆರನೆಯದು ಇಬ್ಬರಿಗೂ, ಆಟೋ ಅಣ್ಣ ಹೇಳಿದ್ದು: "ಮಂಜಲಿ ಕಾಣಿಸಿ, ಮಂಜಲಿ ನಿಧಾನ".

ಬ್ರೇಕ್ ಮತ್ತು ಕೊಡೆಯ ಮಾತು ಉದ್ದ ಆಗುವುದರಿಂದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಯ ಗೋಡೆಗೆ, ಕಾಯುವವರು ಓದಲಿ ಅಂತ.

ಟೀಚರ್ ಹೇಳಿದ ಪುದುಕ್ಕೋಟೈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಪೋಸ್ಟರ್ ಒಂದೇ ಸಾಲದು. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ, ಹೊರಗಿನ ಗಾಡಿಗಳು ಏಳುವ ಮೊದಲು, ಗಾಂಧಿ ಮೈದಾನದಲ್ಲಿ ಸೇರೋಣ. ಮೊದಲು ಮೈದಾನದೊಳಗೆ ಹಿಂದೆ ತಿರುಗಿ ನೋಡುವುದು, ಕೈ ಚಾಚುವುದು, ಎರಡೂ ಬ್ರೇಕ್ ಹಿಡಿಯುವುದು. ಆಮೇಲೆ ಬಯಸಿದವರು ಮಾತ್ರ ಒಟ್ಟಿಗೆ ಒಂದು ಸುತ್ತು ಪೇಟೆಯಲ್ಲಿ, ಏರಲ್ಲಿ ಎಲ್ಲರೂ ಇಳಿದು ತಳ್ಳುತ್ತಾ.

ಅಕ್ಷರ ಬರೆಯುವವ
ತಗಡು ತಂದು ಕೊಡಿ. ಬರೆಯುವ ಕೂಲಿ ಬೇಡ. ಬಣ್ಣದ ದುಡ್ಡು ಮಾತ್ರ.

ಆಟೋ ಸ್ಟ್ಯಾಂಡ್
ನಮ್ಮವರು ಒಪ್ಪಿದ್ದಾರೆ. ಮಂಜಿನ ತಗಡು ನಮ್ಮ ಸ್ಟ್ಯಾಂಡಿಗೆ ಕೊಡಿ. ಹಾರ್ನಿನದ್ದರ ಬಗ್ಗೆ ಸ್ವಲ್ಪ ಜಗಳ ಆಯಿತು, ತಿರುವಿನಲ್ಲಿ ಹಾರ್ನ್ ಹೊಡೆಯಲೇಬೇಕು ಅಂತಾರೆ. ಅದು ಸರಿಯೇ ಅಲ್ವಾ?

ನಿವೃತ್ತ ಚಾಲಕ
ಸರಿ. ಕಣ್ಣಿಗೆ ಕಾಣದ ತಿರುವಿನಲ್ಲಿ ಹಾರ್ನ್ ಬೇಕು. ಕಣ್ಣ ಮುಂದೆ ಇರುವ ಸೈಕಲ್ಲಿಗೆ ಬೇಡ. "ಸೈಕಲ್ ಕಂಡರೆ ಹಾರ್ನ್ ಬೇಡ" ಅಂತ ತಿದ್ದಿ.

ಮಂಜಿನೂರಿನವಳು
ತಿದ್ದಿದೆ. ಥ್ಯಾಂಕ್ಸ್ ಸರ್.

ಇಬ್ಬರ ಅಪ್ಪ
ಮೈದಾನದೊಳಗೆ ಮಾತ್ರ ಅಂದರೆ ಮಗಳನ್ನು ಕರೆತರುತ್ತೇನೆ. 12 ವರ್ಷ. ಆದರೆ ಅವಳ ಸೈಕಲ್ಲಿಗೆ ಮುಂದಿನ ಬ್ರೇಕ್ ಇಲ್ಲ, ನಾನೇ ತೆಗೆಸಿದ್ದೆ.

ಪಂಕ್ಚರ್ ಅಂಗಡಿ
ಶನಿವಾರ ಸಂಜೆಯೊಳಗೆ ಅಂಗಡಿಗೆ ತನ್ನಿ ಸರ್. ಹಾಕಿ, ಕೇಬಲ್ ಬಿಗಿ ಮಾಡಿ ಕೊಡುತ್ತೇನೆ. ಮಗಳನ್ನೂ ಕರೆತನ್ನಿ, ಅವಳ ಬೆರಳಿಗೆ ಲಿವರ್ ಎಟುಕುತ್ತದಾ ನೋಡಬೇಕು.